ಶನಿವಾರದ ಕಳ್ಳ

ಅರ್ಧ ಚೀಲ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಮುಗಿದಿತ್ತು. ಉರಿಯುವ ಬೆರಳುಗಳನ್ನು ಹುಸೇನಬಿ ಕೊಬ್ಬರಿ ಎಣ್ಣೆಯಲ್ಲಿ ಅದ್ದುತ್ತಿದ್ದಾಗ ಗಂಡ ಯೂಸುಫಸಾಬ ಬಾಗಿಲಲ್ಲಿ ನಿಂತು ಕೂಗಿದ.

“ಗಾಡಿ ಮತ್ತ ಹೋತು!”

ಮಧ್ಯಾಹ್ನ ಹೋದವನು ಹೊತ್ತು ಮುಳುಗುವಾಗ ಬಂದಿದ್ದ. ಕಾಲೆಲ್ಲ ಧೂಳು, ಅಂಗಿಯ ಕಿಸೆಯಲ್ಲಿ ಮಡಚಿದ ಬಸ್ ಟಿಕೆಟು.

ಒಂದೇ ತಿಂಗಳಲ್ಲಿ ಇದು ಎರಡನೇ ಸಲ. ಹೋದ ಸಲವೂ ಶನಿವಾರವೇ. ಆಗ ಮೂರು ದಿನದ ಮೇಲೆ ಬೈಕು ಹೊಸರಿತ್ತಿಯಲ್ಲಿ, ಒಂದು ಬೇವಿನ ಮರದ ಕೆಳಗೆ ಸಿಕ್ಕಿತ್ತು. ಬ್ಯಾಡಗಿಯಿಂದ ಅಷ್ಟು ದೂರ ಒಯ್ದ ಕಳ್ಳ ಒಂದು ಬೋಲ್ಟನ್ನೂ ಬಿಚ್ಚಿರಲಿಲ್ಲ. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಒಂದು ಪೊಟ್ಟಣ ಖಾರಾ ಶೇವು ಬೇರೆ ಬಿಟ್ಟು ಹೋಗಿದ್ದ.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಗುಡ್ಡಪ್ಪ ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿದ.

“ಯೂಸುಫಸಾಬ್ರ, ಆ ಕಳ್ಳಗ ನಿಮ್ಮ ಗಾಡಿ ಮ್ಯಾಲ ಭಾಳ ಪ್ರೀತಿ ಐತಿ ನೋಡ್ರಿ. ಚಕ್ರಕ್ಕ ಒಂದು ಸರಪಳಿ ಹಾಕ್ರಿ ಅಂತ ಹೋದ ಸಲಾನ ಹೇಳಿದ್ನಿ. ಹಾಕಿದ್ರೇನು?”

“ಯಾವಾಗ ಹೇಳಿದ್ರಿ?” ಎಂದ ಯೂಸುಫಸಾಬ.

ಗುಡ್ಡಪ್ಪ ನಕ್ಕು ಕಾಗದ ಎಳೆದುಕೊಂಡ. “ಇರಲಿ. ಗುರುತು ಏನೈತಿ?”

“ಟ್ಯಾಂಕಿನ ಮ್ಯಾಲ ಅಜೀಮ ಅಂತ ಕೊರದೈತ್ರಿ. ನನ್ನ ಮಗ ಮೊಳೀಲೆ ಕೊರದದ್ದು.”

“ಮಗ ಏನ್ ಮಾಡ್ತಾನ?”

“ಓದಾಕತ್ತಾನ್ರಿ.”

ಹುಸೇನಬಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಬೆರಳಿನ ಖಾರ ತುಟಿಗೆ ತಾಗಿತು. ಪೊಲೀಸರ ಮುಂದೆ ಏನೋ ಒಂದು ಹೇಳಿ ಮುಗಿಸಿದನೆಂದು ಅವಳು ಅಂದುಕೊಂಡಳು.

“ಹೋದ ಸಲ ಲಾಕ್ ಮುರಿದಿರಲಿಲ್ಲ, ವೈರ್ ಕತ್ತರಿಸಿರಲಿಲ್ಲ. ಕೀಲಿ ಹಾಕೇ ಒಯ್ದಾನ. ನಿಮ್ಮ ಕೀಲಿ ಎಲ್ಲೈತಿ?”

ಯೂಸುಫಸಾಬ ಕಿಸೆಯಿಂದ ಕೀಲಿ ತೆಗೆದು ಮೇಜಿನ ಮೇಲೆ ಇಟ್ಟ. “ಇಲ್ಲೇ ಐತಲ್ಲ!”

“ಎರಡನೇದು?”

ಎರಡನೆಯದು ರಾಣೆಬೆನ್ನೂರಿನಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಹುಸೇನಬಿಯ ತಮ್ಮ ರಮಜಾನನ ಹತ್ತಿರ ಇತ್ತು. ರಿಪೇರಿಗೆಂದು ಇಸಿದುಕೊಂಡವನು ತಿರುಗಿ ಕೊಟ್ಟಿರಲಿಲ್ಲ. “ಭಾಯಿ, ಇನ್ನ ಗಾಡಿ ಹೊಡೀಬ್ಯಾಡ್ರಿ” ಎಂದು ಅಂದದ್ದಕ್ಕೆ ಇಬ್ಬರಿಗೂ ಮಾತು ಬೆಳೆದು, ಹೋಗಿಬರುವುದೇ ನಿಂತಿತ್ತು.

“ಅವನ!” ಯೂಸುಫಸಾಬ ಮೇಜು ಗುದ್ದಿದ. “ನನ್ನ ಗಾಡಿ ಮ್ಯಾಲ ಅವಂಗ ಕಣ್ಣೈತಿ. ಬರಕೋರಿ, ರಮಜಾನ.”

ಎತ್ತಿ ಆಡಿಸಿದ ತಮ್ಮ. ಇಬ್ಬರು ಹೆಣ್ಣುಮಕ್ಕಳ ತಂದೆ. ಠಾಣೆ ಹತ್ತಿದವನ ಗ್ಯಾರೇಜಿಗೆ ನಾಳೆ ಯಾರು ಗಾಡಿ ಬಿಡುತ್ತಾರೆ? ಹುಸೇನಬಿ ಬೇಡವೆನ್ನಲು ಬಾಯಿ ತೆರೆದಳು. ಗುಡ್ಡಪ್ಪ ಆಗಲೇ ಬರೆದಾಗಿತ್ತು.

ಸೋಮವಾರ ಬೈಕು ಸಿಕ್ಕಿತು. ಅದೇ ಹೊಸರಿತ್ತಿ, ಅದೇ ಬೇವಿನ ಮರ, ಹೊಸ ಪೊಟ್ಟಣ ಖಾರಾ ಶೇವು. ಬೆಳಿಗ್ಗೆಯಿಂದ ರಮಜಾನನನ್ನು ಠಾಣೆಯಲ್ಲಿ ಕೂರಿಸಿದ್ದರು. ಮಧ್ಯಾಹ್ನ ಗುಡ್ಡಪ್ಪ ಹುಸೇನಬಿಯೊಬ್ಬಳಿಗೇ ಬರಲು ಹೇಳಿ ಕಳಿಸಿದ. ಹಿಂದಿನ ಕಟ್ಟೆಯ ಮೇಲೆ ಕೂರಿಸಿ, ಸ್ವರ ತಗ್ಗಿಸಿದ.

“ಹಾವೇರಿ ಪೆಟ್ರೋಲ್ ಬಂಕಿನ ಕ್ಯಾಮೆರಾದಾಗ ಬಂದೈತಿ, ಅಕ್ಕಾರ. ಹೊರಗಿನವ್ರಲ್ಲ. ನಿಮ್ಮ ಮನೀ ಮನಿಷ್ಯಾನ.”

ಮೊಬೈಲಿನಲ್ಲಿ ಬೈಕು ಬಂದು ನಿಂತಿತು. ಸವಾರ ಇಳಿದ, ಟ್ಯಾಂಕಿನ ಮುಚ್ಚಳ ತೆರೆದ, ಕ್ಯಾಮೆರಾದ ಕಡೆಗೊಮ್ಮೆ ಮುಖ ತಿರುಗಿಸಿದ. ನಗುಮುಖ. ಹುಸೇನಬಿ ಎರಡು ಸಲ ನೋಡಿದಳು. ಮೂರನೇ ಸಲಕ್ಕೆ ಅವಳ ಕಣ್ಣು ಮಂಜಾಗಿತ್ತು.

“ಕೇಸ್ ಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ. ಇದು ಯಾರಿಗೂ ಗೊತ್ತಾಗಬಾರದು. ನನ್ನ ತಮ್ಮನ್ನ ಮನಿಗೆ ಕಳಸ್ರಿ.”

ಗುಡ್ಡಪ್ಪ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. “ಕಳಸ್ತೇನಿ. ಆದ್ರ ಮನಿಯೊಳಗ ನೀವ ಕಾಯಬೇಕು. ನಾವು ಎಷ್ಟಂತ ಹುಡುಕೋಣ?”

ಗೇಟಿನ ಹೊರಗೆ ರಮಜಾನ ಅವಳ ದಾರಿಗೆ ಅಡ್ಡ ನಿಂತ.

“ಆಪಾ, ನೀನೂ ನನ್ನ ಕಳ್ಳ ಅಂದಿ?”

“ಇಲ್ಲೋ.”

“ಹಂಗಾರ ಯಾರು? ಹೇಳು.”

“ಮನಿಗೆ ಹೋಗು. ಮಕ್ಕಳು ದಾರಿ ನೋಡ್ತಿರ್ತಾವ.” ಅವನು ಕಿಸೆಯಿಂದ ಎರಡನೇ ಕೀಲಿ ತೆಗೆದು ಅವಳ ಅಂಗೈಯಲ್ಲಿ ಹಾಕಿ, ತಿರುಗಿ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.

ದಾರಿಯಲ್ಲಿ ಅವಳು ಚಕ್ರಕ್ಕೆ ಹಾಕುವ ಸರಪಳಿ ಕೊಂಡಳು. ಅದರ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

“ಸಿಕ್ಕಾನೇನು ಕಳ್ಳ?” ಯೂಸುಫಸಾಬ ಕೇಳಿದ.

“ಇಲ್ರಿ.”

“ಸುಮ್ನ ಬಿಡಬಾರದು ಅವನ್ನ. ಮಗನ ಹೆಸರಿರೋ ಗಾಡಿ.”

ಶನಿವಾರ ಬಂತು. ಮಧ್ಯಾಹ್ನ ಹುಸೇನಬಿ ಮೆಣಸಿನಕಾಯಿ ಮುಂದೆ ಕುಳಿತಿದ್ದಾಗ ಅಂಗಳದಲ್ಲಿ ಸರಪಳಿ ಜಗ್ಗುವ ಸದ್ದಾಯಿತು. ಹೊರಗೆ ಬಂದಳು. ಬೆಳಿಗ್ಗೆ ತಾನೇ ಇಸ್ತ್ರಿ ಮಾಡಿಟ್ಟ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಕೈಯಲ್ಲಿ ಖಾರಾ ಶೇವಿನ ಪೊಟ್ಟಣ ಹಿಡಿದು ಯೂಸುಫಸಾಬ ಬೈಕಿನ ಪಕ್ಕ ನಿಂತಿದ್ದ. ಪೆಟ್ರೋಲ್ ಬಂಕಿನಲ್ಲಿ ಕಂಡದ್ದೂ ಇದೇ ಅಂಗಿ. ಇದೇ ನಗುಮುಖ.

“ಯಾರು ಹಾಕ್ಯಾರ ಇದನ್ನ? ಲಗೂ ತೆಗಿ. ಹೊಸರಿತ್ತಿ ಸಾಲಿ ಬಿಡೂ ಹೊತ್ತಾತು. ಅಜೀಮ ಬೇವಿನ ಮರದ ಕೆಳಗ ಕಾಯತಿರತಾನ.”

ಸೆರಗಿನ ಗಂಟು ಅವಳ ಮುಷ್ಟಿಯಲ್ಲಿತ್ತು. ಆಮೇಲೆ ಅವಳು ಕೈ ತೊಳೆದು ಬಂದು, ಕುಕ್ಕರಗಾಲಿನಲ್ಲಿ ಕುಳಿತು, ಸರಪಳಿ ಬಿಚ್ಚಿದಳು.

“ನಾನೂ ಬರ್ತೇನಿ.”

“ನೀ ಬಂದ್ರ ಹುಡುಗ ಎಲ್ಲಿ ಕುಂದರಬೇಕು?”

“ನಡುವ ಕುಂದರ್ತಾನ, ನಡೀರಿ.”

ಒಂಬತ್ತು ವರ್ಷದ ಹಿಂದೆ ಜ್ವರದಲ್ಲಿ ಹೋಗಿ ಮಣ್ಣು ಸೇರಿದ ಮಗನಿಗೆ ಸಾಕಾಗುವಷ್ಟು ಜಾಗ ನಡುವೆ ಬಿಟ್ಟು, ಹುಸೇನಬಿ ಸೀಟಿನ ತುದಿಯಲ್ಲಿ ಕುಳಿತಳು.