ಏಳನೇ ದಿನ, ಬೆಳಿಗ್ಗೆ ಏಳು ಗಂಟೆ

"ಹಸು ಗಬ್ಬ ನಿಂತೈತೆ ಕಣೋ ಚೌಡ... ಇಂಜೆಕ್ಷನ್ ಬೇಡ."

"ನಿನಗೇನಕ್ಕ ಗೊತ್ತು? ಡಾಕ್ಟರ್ ಓದಿದ್ದೀಯಾ? ಗಬ್ಬ ನಿಂತಿದ್ರೆ ಮೊನ್ನೆ ಬೆದೆಗೆ ಬಂದ ಹಾಗೆ ಲೋಳೆ ಯಾಕೆ ಹಾಕ್ತು?"

"ಒಂದೊಂದು ಹಸು ಹಾಕುತ್ತೆ. ಸೆಮೆನ್ ಕೊಡಿಸಿ ಎಪ್ಪತ್ತು ದಿನ ಆಯ್ತು, ಒಂದು ಸಲನಾದ್ರೂ ಬೆದೆಗೆ ಕೂಗ್ತಾ? ದಿನಾ ಮೈ ತೊಳೆಯೋಳು ನಾನು. ನನಗೆ ತಿಳಿಯುತ್ತೆ."

ಚೌಡಪ್ಪನಿಗೆ ಕೋಪ ನೆತ್ತಿಗೇರಿತು.

"ಹೆತ್ತೋಳ ಹಾಗೆ ಮಾತಾಡ್ಬೇಡ. ಗಬ್ಬದ ವಿಷಯ ನಿನಗೆ ಗೊತ್ತಿದ್ದಿದ್ರೆ ಗಂಡನ ಮನೆಯವರು ಯಾಕೆ ವಾಪಸ್ ಕಳಿಸ್ತಿದ್ರು?"

ಅಕ್ಕ ಪಿಳ್ಳಮ್ಮ ಹಸುವಿನ ಕೊರಳ ಮೇಲಿದ್ದ ಕೈ ತೆಗೆದು ಒಳಗೆ ಹೋದಳು.

ಮಕ್ಕಳಾಗಲಿಲ್ಲ ಎಂದು ಇಪ್ಪತ್ತು ವರ್ಷದ ಹಿಂದೆ ತವರಿಗೆ ಬಂದವಳು... ಕರುವಾಗಿದ್ದಾಗಲೇ ತಾಯಿ ಸತ್ತ ಈ ಹಸುವಿಗೆ ಬೆರಳು ಚೀಪಿಸಿ ಹಾಲು ಕುಡಿಸಿ ಸಾಕಿದವಳೂ ಅವಳೇ.

ಚೌಡಪ್ಪ ಕೆಟ್ಟವನಲ್ಲ. ಅವನಿಗೆ ಸಿಟ್ಟು ಮೊದಲು ಬರುತ್ತದೆ, ಬುದ್ಧಿ ಆಮೇಲೆ. ಹಸು ಬೇಗ ಗಬ್ಬ ಆಗಬೇಕು ಅನ್ನುವ ಅವಸರ ಅವನದು.

ಹೋದ ವಾರ ಬೆದೆಗೆ ತರಿಸುವ ಮೊದಲ ಇಂಜೆಕ್ಷನ್ ಕೊಡುವಾಗ ಡಾಕ್ಟರ್ ಕೇಳಿದ್ದರು, "ಗಬ್ಬ ಇಲ್ಲ ಅಂತ ಪರೀಕ್ಷೆ ಆಗಿದೆಯಾ?"

"ಆಗಿದೆ ಸಾರ್, ಖಾಲಿ" ಅಂದುಬಿಟ್ಟಿದ್ದ. ಆಗಿರಲಿಲ್ಲ.

"ಸರಿಯಾಗಿ ಏಳನೇ ದಿನ ಎರಡನೇದು. ಟೈಮ್ ತಪ್ಪಬಾರದು" ಅಂದಿದ್ದರು. ಅವನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಫೋನ್‌ನಲ್ಲಿ ಅಲಾರಂ ಇಟ್ಟಿದ್ದ.

ಸರಿಯಾಗಿ ಏಳಕ್ಕೆ ಡಾಕ್ಟರ್ ಬಂದರು. ಸಿರಿಂಜ್ ಹಿಡಿದು ಒಂದು ಕ್ಷಣ ನಿಂತರು.

"ಚೌಡಪ್ಪ, ಇದು ಗಬ್ಬದ ಹಸುಗೆ ಬಿದ್ರೆ ಕರು ಉಳಿಯಲ್ಲ. ಇನ್ನೊಂದು ಸಲ ಕೇಳ್ತಿದ್ದೀನಿ..."

ಅವನು ಅಡುಗೆಮನೆ ಬಾಗಿಲ ಕಡೆ ನೋಡಿದ. ಹೇಳಿದ ಸುಳ್ಳನ್ನು ವಾಪಸ್ ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ.

"ಕೊಡಿ ಸಾರ್."

ಮೂರನೇ ದಿನ ಹಸು ಕಂದು ಹಾಕಿತು.

ಅಂಗೈಯಷ್ಟು ಕರು... ಕೂದಲೂ ಮೂಡಿರಲಿಲ್ಲ. ಆದರೆ ನಾಲ್ಕೂ ಗೊರಸು ಕಾಣುತ್ತಿತ್ತು.

ಡಾಕ್ಟರ್ ಓಡಿ ಬಂದು ಹಸುವಿಗೆ ಔಷಧಿ ಕೊಟ್ಟರು. "ಖಾಲಿ ಅಂದೆಯಲ್ಲಯ್ಯಾ... ಮನೇಲಿ ಒಬ್ಬರಿಗೂ ಅನುಮಾನ ಬರಲಿಲ್ವಾ?"

ಪಿಳ್ಳಮ್ಮ ಅಲ್ಲೇ ಇದ್ದಳು.

ಚೌಡಪ್ಪನೇ ತಲೆ ತಗ್ಗಿಸಿ ಹೇಳಿದ... "ಅಕ್ಕನಿಗೆ ಗೊತ್ತಿತ್ತು ಸಾರ್."

ಅವಳು ತನ್ನ ಹಳೇ ಸೀರೆ ಹರಿದು ಆ ಜೀವವನ್ನು ಸುತ್ತಿ, ಹಿತ್ತಲಿನ ಹೊಂಗೆ ಮರದ ಬುಡದಲ್ಲಿ ಮಣ್ಣು ಮಾಡಿದಳು. ಕೈ ತೊಳೆದು, ಬಟ್ಟೆ ಗಂಟು ಕಟ್ಟಿಕೊಂಡು ಹೊರಗೆ ಬಂದಳು.

"ಅಕ್ಕ... ತಪ್ಪಾಯ್ತು. ಬಾಯಿಗೆ ಬಂದಿದ್ದು ಅಂದುಬಿಟ್ಟೆ."

"ಹಸು ಮತ್ತೆ ಗಬ್ಬ ಆಗುತ್ತೆ ಬಿಡೋ. ಎರಡು ತಿಂಗಳು ಸುಧಾರಿಸಿಕೊಳ್ಳಲಿ, ಅವಸರ ಮಾಡ್ಬೇಡ" ಅಂದಳು.

ಗಂಡನ ಮನೆ ಎತ್ತಿ ಅವನು ಆಡಿದ ಆ ಮಾತಿನ ಬಗ್ಗೆ ಏನೂ ಅನ್ನಲಿಲ್ಲ.

ಬಸ್ ಸ್ಟಾಪ್‌ವರೆಗೂ ಅವನು ಹಿಂದೆ ಹಿಂದೆ ಹೋದ. ಅವಳು ತಿರುಗಿ ನೋಡಲಿಲ್ಲ.

ಅವಳು ಮತ್ತೆ ಆ ಮನೆಗೆ ಬರಲೇ ಇಲ್ಲ...

*ಇಂಜೆಕ್ಷನ್‌ಗೆ ಗಂಟೆ, ನಿಮಿಷ ನೋಡುವ ನಾವು, ಒಂದು ಮಾತು ಆಡುವ ಮುಂಚೆ ಒಂದು ಉಸಿರಿನಷ್ಟೂ ಕಾಯುವುದಿಲ್ಲ.*

"ನಿನಗೇನು ಗೊತ್ತು" ಅಂತ ನೀವು ಬಾಯಿ ಮುಚ್ಚಿಸಿದ ಜೀವ ನಿಮ್ಮ ಮನೆಯಲ್ಲಿ ಯಾವುದು?