ಭೀಮಣ್ಣನ ಕಣ್ಣಿನ ಪರೀಕ್ಷೆ

ಬೋಟುಗಳು ಮಾತು ಕಲಿತ ಮೇಲೆ ಅವುಗಳನ್ನು ವಿಚಾರಿಸದೆ ಗುಜರಿಗೆ ಹಾಕುವಂತಿರಲಿಲ್ಲ. ಹಾಗಾಗಿ ಬೆಂಗಳೂರಿನ ಅಧಿಕಾರಿ ಮಂಗಳೂರು ಬಂದರಿನ ಧಕ್ಕೆಗೇ ಬಂದಿದ್ದರು. ಹಡಗುಗಳನ್ನು ದಡಕ್ಕೆ ಎಳೆದು ತರುವ ಮುದಿ ಟಗ್ ಬೋಟು ಭೀಮಣ್ಣನಿಗೆ ಸುತ್ತಲಿನದ್ದು ಸರಿಯಾಗಿ ಕಾಣುತ್ತದೆಯೇ ಎಂದು ನೋಡಬೇಕಿತ್ತು. ಇಲ್ಲದಿದ್ದರೆ ನಾಳೆಯೇ ಗುಜರಿ.

ಹಡಗು ಮಾಲೀಕರ ಸಂಘದ ಪರವಾಗಿ ಸರ್ಕಾರದ ಜೊತೆ ಮಾತಾಡುವ ವಿನುತಾ ಖಾರ್ವಿ ಬೋಟಿನತ್ತ ಬಾಗಿ ಪಿಸುಗುಟ್ಟಿದಳು: “ಸಿನಿಮಾ ಡೈಲಾಗ್ ಹೊಡೀಬೇಡ ಮಾರಾಯಾ.”

“ಇಲ್ಲ ಮಾರಾಯ್ತಿ, ಪ್ರಾಮಿಸ್.”

ಅಧಿಕಾರಿ ಕೇಳಿದರು: “ನಿನ್ನೆದುರು ಈಗ ಏನೇನು ಕಾಣ್ತಿದೆ?”

“ಸಾಹೇಬ್ರೇ, ಈ ಭೀಮಣ್ಣ ಕಣ್ಣು ಬಿಟ್ರೆ ಅಲೆನೂ ಸೈಡಿಗೆ ಹೋಗ್ತದೆ!”

ವಿನುತಾ ಹಣೆ ಚಚ್ಚಿಕೊಂಡಳು. ಅಧಿಕಾರಿ ಪೆನ್ನು ತೆಗೆದರು.

“ಸ್ವಲ್ಪ ನಿಲ್ಲಿ ಸಾರ್.” ಬೋಟಿನ ದನಿ ಇಳಿಯಿತು. “ಗುಜರಿಗೆ ಆಮೇಲೆ ಹಾಕಿ. ಈ ಹುಡುಗಿ ನನ್ನ ಚಿಂತೆಯಲ್ಲಿ ಬೆಳಗ್ಗಿಂದ ಎಂತದೂ ತಿನ್ಲಿಲ್ಲ. ಕೈ ನಡುಗ್ತಾ ಉಂಟು. ಮೊದಲು ಅವಳನ್ನ ಕೂರಿಸಿ.”

ಅಧಿಕಾರಿ ತಿರುಗಿ ನೋಡಿದರು. ಪಕ್ಕದಲ್ಲೇ ಇದ್ದರೂ ಅವರಿಗದು ಕಂಡಿರಲಿಲ್ಲ. ತಮ್ಮ ಕುರ್ಚಿಯನ್ನು ಅವಳತ್ತ ತಳ್ಳಿದರು.

“ಇವನ ಕಣ್ಣು ನನಗಿಂತ ಚೆನ್ನಾಗಿದೆ. ಕೆಲಸ ಮಾಡ್ಲಿ ಬಿಡಮ್ಮ.”

ಧಕ್ಕೆಯ ಜನರೆಲ್ಲ ಚಪ್ಪಾಳೆ ತಟ್ಟಿದರು. ಭೀಮಣ್ಣ ಜೋರಾಗಿ ಹಾರ್ನ್ ಹೊಡೆದ.

“ಎಂತ ಚಪ್ಪಾಳೆ ನಿಮ್ಮದು? ಓಡಿ, ಅವಳಿಗೆ ಬಿಸಿ ಗೋಳಿಬಜೆ ತನ್ನಿ!”