ಸೇತುವೆಯವರೆಗೆ

ಪಾಳಿ ಬದಲಾಗುವ ಸೈರನ್ ಕೂಗಿತು. ಲಾಂಡ್ರಿ ಕಾರ್ಖಾನೆಯ ಗೇಟಿನಲ್ಲಿ ಗಂಡ ಹೊರಗೆ ಬರುತ್ತಿದ್ದ, ಹೆಂಡತಿ ಒಳಗೆ ಹೋಗುತ್ತಿದ್ದಳು. ಎಂದಿನಂತೆ ಅವಳು ಮನೆಯ ಬೀಗದ ಕೈಯನ್ನೂ ಆಟದ ಯಂತ್ರವನ್ನೂ ಅವನ ಕೈಗಿಟ್ಟಳು. ಯಂತ್ರವೆಂದರೆ ಅಂಗೈಗಿಂತ ತುಸು ದೊಡ್ಡದಾದ ಒಂದು ಕಂಪ್ಯೂಟರ್, ಎರಡೂ ಪಕ್ಕಕ್ಕೆ ಗುಂಡಿಗಳು.

"ಸೇತುವೆ ದಾಟಿಸಿದೀನಿ ರೀ," ಅಂದಳು.

ಅವನು ನಿಂತಲ್ಲೇ ನಿಂತ. "ಯಾರನ್ನ ಕೇಳಿ ದಾಟಿಸಿದೆ?"

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡು ಅವಳು ನಕ್ಕಳು. "ಓಡಿದ್ರೆ ಬೀಳ್ತೀವಿ. ಅದಕ್ಕೆ ಸುಮ್ಮನೆ ನಿಂತೆ. ತೂಗಾಡೋದು ನಿಂತ್ಮೇಲೆ ನಡೆದೆ, ಅಷ್ಟೇ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿಬಿಟ್ಟಳು.

ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು ಹೊಸದು ಕೊಂಡಾಗ ಅವನ ಹಳೆಯ ಯಂತ್ರ ಇವರ ಮನೆಗೆ ಬಂದಿತ್ತು. ಅದರೊಳಗೆ ಲಾಂದ್ರ ಹಿಡಿದ ಒಬ್ಬ ಪುಟ್ಟ ಮನುಷ್ಯ. ಗುಹೆ ದಾಟಿ, ಹೊಂಡ ಹಾರಿ ಬಂದವನು ಹಗ್ಗದ ಸೇತುವೆಯ ಮೇಲೆ ಗಂಡನ ಕೈಯಲ್ಲಿ ತಿಂಗಳಿಂದ ದಿನವೂ ಬಿದ್ದು ಸಾಯುತ್ತಿದ್ದ. ಹೆಂಡತಿ ಮೊದಲು ಯಂತ್ರವನ್ನು ಮುಟ್ಟಿದ್ದು ಧೂಳು ಒರೆಸುವುದಕ್ಕೆ. ಒರೆಸುವಾಗ ಯಾವುದೋ ಗುಂಡಿ ಒತ್ತಿಹೋಗಿ ಪುಟ್ಟ ಮನುಷ್ಯ ಟಣ್ಣನೆ ಹಾರಿದ್ದ, ಅವಳೂ ಹಾರಿಬಿದ್ದಿದ್ದಳು. ಅಲ್ಲಿಂದ ಬೆಳಗಿನ ಹೊತ್ತು ಅವಳು, ಸಂಜೆ ಅವನು. ಇರುವ ಒಂದು ಮಂಚವನ್ನೇ ಪಾಳಿಯ ಮೇಲೆ ಬಳಸುವ ಸಂಸಾರ ಅದು. ಒಬ್ಬರ ಬಿಸಿ ಆರುವ ಮೊದಲೇ ಇನ್ನೊಬ್ಬರು ಬಂದು ಮಲಗುವಂಥದ್ದು. ಆಟವೂ ಹಾಗೆಯೇ. ಒಬ್ಬರು ಬಿಟ್ಟ ಕಡೆಯಿಂದ ಇನ್ನೊಬ್ಬರು ಶುರು ಮಾಡಬೇಕು, ಬೇರೆ ದಾರಿಯಿಲ್ಲ.

ಆ ಸಂಜೆ ಅವನು ಯಂತ್ರ ತೆರೆದರೆ ಸೇತುವೆಯೇ ಇಲ್ಲ. ಕಂಡು ಕೇಳರಿಯದ ಹಿಮದ ಕಾಡು. ಹೆಂಡತಿ ಆಟದಲ್ಲಿ ಕೂಡಿಟ್ಟಿದ್ದ ಜೀವಗಳನ್ನೆಲ್ಲ ಅವನು ಒಂದು ಲೋಟ ಚಹಾ ಆರುವಷ್ಟರಲ್ಲಿ ಕಳೆದ. ಕೆಂಡವಾದ. ಆಟದ ಹುಚ್ಚಲ್ಲಿ ಅವಳು ಮನೆಕೆಲಸ ಬಿಟ್ಟಿರಲೇಬೇಕೆಂದು ಅಡುಗೆಮನೆಗೆ ನುಗ್ಗಿ ನೋಡಿದ. ಅನ್ನ ಮುಚ್ಚಿಟ್ಟಿತ್ತು, ಬಟ್ಟೆ ಒಣಗಿತ್ತು, ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಧೂಳೂ ಸಿಗಲಿಲ್ಲ. ಬೈಯಲು ಏನೂ ಸಿಗದೆ ಹೋದದ್ದಕ್ಕೆ ಅವನಿಗೆ ಇನ್ನೂ ಉರಿಯಿತು. ಆಟ ಎಂಬುದು ದುಡಿದು ಬಂದ ಗಂಡಸಿನದು ಎಂದು ಅವನಿಗೆ ಯಾರೂ ಕಲಿಸಿರಲಿಲ್ಲ, ಕಲಿಸುವ ಅಗತ್ಯವೂ ಬಿದ್ದಿರಲಿಲ್ಲ. ಅವಳೂ ದುಡಿದೇ ಬರುತ್ತಿದ್ದಳು. ಬಂದಮೇಲೂ ದುಡಿಯುತ್ತಿದ್ದಳು.

ಕಾರ್ಖಾನೆಯಲ್ಲಿ ಹೆಂಡತಿಯ ಜೊತೆ ಹಾಸಿಗೆಯ ಚಾದರ ಮಡಿಸುವವಳು ಒಬ್ಬಳಿದ್ದಳು. ಅವಳ ಗಂಟಲಿಗೆ ಹೆದರಿ ಎಲ್ಲರೂ ಅವಳನ್ನು ಸೈರನ್ ಅಕ್ಕ ಅನ್ನುತ್ತಿದ್ದರು. ಚಾದರ ಮಡಿಸಲು ಇಬ್ಬರು ಬೇಕು. ತುದಿ ಹಿಡಿದು ದೂರ ಹೋಗಬೇಕು, ಹತ್ತಿರ ಬರಬೇಕು. ಹತ್ತಿರ ಬಂದಾಗಲೆಲ್ಲ ಹೆಂಡತಿ ಆಟದ ಕಥೆಯನ್ನು ಒಂದೊಂದು ತುಂಡು ಹೇಳುತ್ತಿದ್ದಳಂತೆ. ಸೈರನ್ ಅಕ್ಕ ಅದನ್ನು ಇಡೀ ಹಾಲ್‌ಗೆ ಬಿತ್ತರಿಸುತ್ತಿದ್ದಳಂತೆ. ಒಂದು ದಿನ ಗೇಟಿನಲ್ಲಿ ಅವನನ್ನು ತಡೆದು, "ಏನಪ್ಪಾ, ನಿನ್ನ ಹೆಂಡ್ತಿ ಹಿಮದ ಕಾಡು ಮುಗಿಸಿದ್ಲು, ನಿನ್ನ ಕೈಲಿ ಸೇತುವೆನೂ ದಾಟೋಕಾಗಿರ್ಲಿಲ್ವಂತೆ?" ಎಂದು ಕೇಳಿಯೇಬಿಟ್ಟಳು. ಅವತ್ತು ಅವನ ಜೊತೆ ಒಗೆಯುವ ಡ್ರಮ್ಮಿನ ಹತ್ತಿರ ದುಡಿಯುವವರೆಲ್ಲ ಅವನ ಬೆನ್ನ ಹಿಂದೆ ನಕ್ಕರು.

ಅದನ್ನಾದರೂ ಅವನು ನುಂಗಿಕೊಳ್ಳುತ್ತಿದ್ದ. ನುಂಗಲಾಗದ್ದು ಕಂಡದ್ದು ರಜೆಯ ದಿನ. ಎದ್ದು ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ಬಕೆಟ್ ಬೋರಲು ಹಾಕಿ ಕೂತಿದ್ದಳು. ಎರಡೂ ಕಾಲು ಮೇಲೆ ಮಡಚಿಕೊಂಡು, ನಾಲಗೆಯ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು, ಗುಂಡಿ ಒತ್ತುವಾಗ ಇಡೀ ಮೈಯನ್ನೇ ಒಂದು ಕಡೆಗೆ ವಾಲಿಸುತ್ತಿದ್ದಳು. ಪುಟ್ಟ ಮನುಷ್ಯ ಏನನ್ನೋ ಹಾರಿರಬೇಕು, ಕಿಲಕಿಲ ನಕ್ಕಳು. ಮದುವೆಯಾದಾಗಿನಿಂದ ಅವಳ ಪಾದ ನೆಲ ಬಿಟ್ಟದ್ದನ್ನು ಅವನು ನೋಡಿರಲಿಲ್ಲ. ಆ ನಗುವನ್ನಂತೂ ಕೇಳಿಯೇ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವನ ಕಡೆ ಅವಳು ತಿರುಗಿಯೂ ನೋಡಲಿಲ್ಲ.

ಸಂಜೆ ಅವಳು ನೀರು ಹಿಡಿಯಲು ಹೋದಾಗ ಅವನು ಯಂತ್ರ ಕೈಗೆತ್ತಿಕೊಂಡ. ಹಳೆಯದನ್ನು ಅಳಿಸಿ ಹೊಸ ಆಟ ಶುರು ಮಾಡಬೇಕೆ ಎಂದು ಪರದೆ ಕೇಳಿತು. ತನ್ನ ತಿಂಗಳ ಪಾಡೂ ಅದರೊಳಗೇ ಇದೆ ಎಂಬುದು ಅವನಿಗೆ ಹೊಳೆಯಿತು. ಹೊಳೆದೂ ಒತ್ತಿದ.

ಮರುದಿನ ಡ್ರಮ್ಮಿಗೆ ಚಾದರ ತುಂಬುತ್ತ ಅವಳ ಬಾಡಿದ ಮುಖವನ್ನೇ ಕಲ್ಪಿಸಿಕೊಂಡ. ಹೇಗೆ ಸಮಾಧಾನ ಹೇಳಬೇಕೆಂಬುದನ್ನೂ ಯೋಚಿಸಿಟ್ಟುಕೊಂಡ. ಸೈರನ್ ಕೂಗಿತು. ಹೆಂಡತಿ ಬಂದಳು. ಮುಖ ಬಾಡಿರಲಿಲ್ಲ, ಬೀಗದ ಕೈ ಕೊಡುವಾಗ ಕಣ್ಣು ಮಿನುಗುತ್ತಿತ್ತು.

"ಎಲ್ಲ ಅಳಿಸಿಹೋಗಿತ್ತು ರೀ," ಅಂದಳು. ಯಾರು ಅಳಿಸಿದ್ದೆಂದು ಕೇಳಲಿಲ್ಲ.

ತಡೆಯಲಾರದೆ ಅವನೇ ಕೇಳಿದ. "ನಿಂಗೆ ಬೇಜಾರಾಗ್ಲಿಲ್ವಾ?"

"ಒಗೆದದ್ದೇ ಒಗೆಯೋದು, ಬೆಳಗಿದ್ದೇ ಬೆಳಗೋದು. ಮೊದಲಿಂದ ಶುರು ಮಾಡೋದು ನಂಗೇನು ಹೊಸದಾ? ಇದ್ರಲ್ಲಿ ಖುಷಿನಾದ್ರೂ ಇದೆ." ಅವಳು ಯಂತ್ರವನ್ನು ಅವನ ಅಂಗೈಯಲ್ಲಿಟ್ಟು ಬೆರಳು ಮಡಚಿದಳು. "ಸೇತುವೆವರೆಗೂ ತಂದು ನಿಲ್ಲಿಸಿದೀನಿ. ದಾಟಿಸಿಲ್ಲ. ಅದನ್ನ ನೀವೇ ದಾಟಿ."

ಅವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಇಬ್ಬರು ಹೆಂಗಸರ ನಡುವೆ ಒಂದು ಬಿಳಿ ಚಾದರ ಪಟ್ಟನೆ ಬಿಚ್ಚಿಕೊಂಡಿತು. ಅದರ ಹಿಂದಿನಿಂದ ಆ ನಗು ಕೇಳಿಸಿತು. ಗೇಟಿನ ಹೊರಗೆ ಅವನು ಯಂತ್ರ ತೆರೆದ. ಲಾಂದ್ರದ ಮನುಷ್ಯ ಕಾಯುತ್ತ ನಿಂತಿದ್ದ, ಸೇತುವೆ ತೂಗಾಡುತ್ತಿತ್ತು. ಅವನ ಹೆಬ್ಬೆರಳು ಆಗಲೇ ಓಡುವ ಗುಂಡಿಯ ಮೇಲಿತ್ತು.